ಐದು ಕಾಲಿನ ದನ

ನಮ್ಮ ಮನೆಯ ಕಡತವನ್ನು, ಅಂದರೆ ಮಡಿಕೆ ಮಡಿಕೆಯಾಗಿ ಬಿಚ್ಚುವ ಹಳೆಯ ಕಾಲದ ಬಟ್ಟೆಯ ಪುಸ್ತಕವನ್ನು, ನಾನು ಮೊದಲು ಕಂಡದ್ದು ಪಾಲುಪಟ್ಟಿಯಲ್ಲಿ. 1971ರಲ್ಲಿ ಅಜ್ಜನ ಮೂವರು ಗಂಡುಮಕ್ಕಳು ಹಿಸ್ಸೆಯಾದಾಗ ಬರೆಸಿದ ಆ ಕಾಗದದಲ್ಲಿ ಅಡಿಕೆ ತೋಟ, ಗದ್ದೆ, ಸೊಪ್ಪಿನ ಬೆಟ್ಟಗಳಿಂದ ಹಿಡಿದು ತಾಮ್ರದ ಹಂಡೆ, ಕಡಾಯಿಗಳವರೆಗೆ ಎಲ್ಲವೂ ಮೂರು ಪಾಲಾಗಿದ್ದವು. ಕಟ್ಟಕಡೆಯ ಸಾಲು ಮಾತ್ರ ಬೇರೆ ರೀತಿಯದು. ಕೆಂಪು ಬಟ್ಟೆಯಲ್ಲಿ ಕಟ್ಟಿದ ಕಡತ ಒಂದು, ಅದು ಮೂವರಿಗೂ ಸಾಮಾಯಿಕ, ಯಾರೊಬ್ಬರೂ ಒಬ್ಬರೇ ಬಿಚ್ಚತಕ್ಕದ್ದಲ್ಲ ಎಂದು ಅದರಲ್ಲಿ ಬರೆದಿತ್ತು. ಹಂಡೆಗೂ ಇಲ್ಲದ ಈ ಕಟ್ಟುಪಾಡು ಹಳೆಯ ಬಟ್ಟೆಯ ಪುಸ್ತಕವೊಂದಕ್ಕೆ ಏಕೆ ಎಂದು ಕೇಳಿದಾಗ ಅಪ್ಪಯ್ಯ ತಗ್ಗಿದ ದನಿಯಲ್ಲಿ, ಅದರಲ್ಲಿ ನಿಧಿಯ ಗುರುತು ಇದೆಯೆಂದು ಹೇಳಿದ್ದರು.

ಸಾಗರದ ಸುತ್ತಿನ ಹಳ್ಳಿಗಳಲ್ಲಿ ನಿಧಿಯ ಕಥೆಯಿಲ್ಲದ ಹಳೆಯ ಮನೆಯನ್ನು ಹುಡುಕುವುದು ಕಷ್ಟ. ಕೆಳದಿ, ಇಕ್ಕೇರಿ, ಬಿದನೂರು ಎಂದು ಮೂರು ರಾಜಧಾನಿಗಳನ್ನು ಕಂಡ ನಾಡು ಇದು; 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದಾಗ ಉಳ್ಳವರು ಚಿನ್ನವನ್ನು ಕಾಡಿನಲ್ಲಿ ಹೂತು ಓಡಿದರು ಎಂಬ ಮಾತು ಇಲ್ಲಿ ಪ್ರತಿ ಮಳೆಗಾಲದಲ್ಲಿಯೂ ಒಲೆಯ ಮುಂದೆ ಬಿಸಿಯಾಗುತ್ತದೆ. ನಮ್ಮ ಮನೆತನಕ್ಕೂ ಆ ಉಳ್ಳವರಿಗೂ ಯಾವ ಸಂಬಂಧವೂ ಇರಲಿಲ್ಲ. ಆದರೆ ನಮ್ಮವರ ನಂಬಿಕೆಗೆ ಆಧಾರವಾಗಿದ್ದದ್ದು ಇತಿಹಾಸವಲ್ಲ, ಅಜ್ಜನ ನಡವಳಿಕೆ. ಬೇರೆ ಯಾವ ವಸ್ತುವಿಗೂ ಅಷ್ಟಾಗಿ ಅಂಟಿಕೊಳ್ಳದ ಅವರು ಈ ಕಡತವನ್ನು ಮಾತ್ರ ಮಳೆಗಾಲ ಹಿಡಿಯುತ್ತಿದ್ದಂತೆ ಒಲೆಯ ಮೇಲಿನ ಅಟ್ಟಕ್ಕೆ ಏರಿಸುತ್ತಿದ್ದರು, ಬೇಸಿಗೆಯಲ್ಲಿ ಒಂದು ದಿನ ಬಾಗಿಲು ಹಾಕಿಕೊಂಡು ಬಿಚ್ಚಿ ನೋಡುತ್ತಿದ್ದರು, ಮಕ್ಕಳು ಹತ್ತಿರ ಸುಳಿದರೆ "ಒದ್ದೆ ಕೈಲಿ ಮುಟ್ಟಡ" ಎಂದು ಗದರುತ್ತಿದ್ದರು.

ಒಂದು ಬೇಸಿಗೆಯಲ್ಲಿ ಹತ್ತು ವರ್ಷದ ಚಿಕ್ಕಪ್ಪ ಬಾಗಿಲ ಸಂದಿಯಿಂದ ಇಣುಕಿ ಕಡತದಲ್ಲಿ ಬಿಳಿಯ ಗೆರೆಗಳ ದನದ ಚಿತ್ರವೊಂದನ್ನು ಕಂಡರು. ಹಳೆಯ ದಾನಶಾಸನದ ಕಲ್ಲುಗಳ ಮೇಲೆ ಹಸು-ಕರು, ಸೂರ್ಯ-ಚಂದ್ರರ ಚಿತ್ರಗಳಿರುತ್ತವೆ. ಕೊಟ್ಟ ದಾನ ಚಿರಕಾಲ ನಡೆಯಲಿ, ಅದನ್ನು ಯಾರೂ ಅಳಿಯದಿರಲಿ ಎಂಬುದು ಅವುಗಳ ತಾತ್ಪರ್ಯ. ಆದರೆ ನಿಧಿಯ ಹುಚ್ಚಿನವರಿಗೆ ಅವೆಲ್ಲವೂ ಕೊಪ್ಪರಿಗೆಯ ಗುರುತುಗಳೇ. ಚಿಕ್ಕಪ್ಪನಿಗೂ ಹಾಗೆಯೇ ಆಯಿತು. ದನವೆಂದರೆ ಕೊಟ್ಟಿಗೆ ಎಂದು ಅರ್ಥ ಮಾಡಿಕೊಂಡು, 1983ರ ಬೇಸಿಗೆಯಲ್ಲಿ ತಮ್ಮ ಪಾಲಿಗೆ ಬಂದ ಹಳೆಯ ಕೊಟ್ಟಿಗೆಯ ನೆಲವನ್ನು ಎರಡಾಳು ಆಳ ಅಗೆಸಿದರು. ಸಿಕ್ಕಿದ್ದು ತುಕ್ಕು ಹಿಡಿದ ಒಂದು ನೇಗಿಲ ಕುಳ ಮಾತ್ರ. ಆ ಮಳೆಗಾಲದಲ್ಲಿ ಕೊಟ್ಟಿಗೆಯ ಒಂದು ಗೋಡೆ ಕುಸಿಯಿತು. ಕಡತವನ್ನು ಇಟ್ಟುಕೊಂಡಿದ್ದ ದೊಡ್ಡಪ್ಪ ಮೊದಲೇ ಅದನ್ನು ಓದಿಸಿ ಚಿನ್ನವನ್ನು ಎತ್ತಿದ್ದಾನೆ ಎಂದು ಚಿಕ್ಕಪ್ಪ ತೀರ್ಮಾನಿಸಿದರು. ಅಣ್ಣತಮ್ಮಂದಿರ ಮಾತು ನಿಂತಿತು. ಮದುವೆ, ತಿಥಿಗಳಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತರೂ ಉಪ್ಪನ್ನು ಸಹ ಮೂರನೆಯವರ ಮೂಲಕ ಕೇಳುವಷ್ಟು ಬಿಗಿಯಾಗಿ ಆ ಮೌನ ಇಪ್ಪತ್ತೈದು ವರ್ಷ ನಡೆಯಿತು.

ಅಪ್ಪಯ್ಯ ತೀರಿಕೊಂಡ ಮೇಲೆ ಅವರ ಪಾಲಿನ ಹಕ್ಕು ನನಗೆ ಬಂತು. ಈ ಕಗ್ಗಂಟನ್ನು ಬಿಡಿಸಿಬಿಡೋಣ ಎಂದು ಇಬ್ಬರನ್ನೂ ಒಪ್ಪಿಸಲು ನನಗೆ ಒಂದು ವರ್ಷ ಹಿಡಿಯಿತು. ಕಡತದ ಮೇಲ್ಭಾಗವೆಲ್ಲ ಮೋಡಿ ಅಕ್ಷರದಲ್ಲಿ, ಅಂದರೆ ಹಿಂದಿನವರು ಲೆಕ್ಕಪತ್ರಕ್ಕೆ ಬಳಸುತ್ತಿದ್ದ ಕೂಡುಬರಹದಲ್ಲಿ, ಇದ್ದುದರಿಂದ ಮನೆಯವರಾರಿಗೂ ಓದಲು ಬರುತ್ತಿರಲಿಲ್ಲ. ಓದಬಲ್ಲವರನ್ನು ಕರೆತಂದವನೇ ಗುಟ್ಟನ್ನು ನುಂಗುತ್ತಾನೆ ಎಂಬ ಭಯದಿಂದ ಯಾರನ್ನೂ ಕರೆತಂದಿರಲಿಲ್ಲ. ಕೊನೆಗೆ 2009ರ ಏಪ್ರಿಲಿನಲ್ಲಿ, ಮೋಡಿಯನ್ನು ಬಲ್ಲ ನಿವೃತ್ತ ಮಾಸ್ತರರೊಬ್ಬರ ಮನೆಗೆ ನಾವೆಲ್ಲ ಒಂದೇ ಬಾಡಿಗೆ ಜೀಪಿನಲ್ಲಿ ಹೊರಟೆವು. ವಕೀಲಿಕೆ ಮಾಡುವ ಚಿಕ್ಕಪ್ಪನ ಮಗ ದಾರಿಯುದ್ದಕ್ಕೂ 1878ರ ನಿಧಿ ಕಾಯಿದೆಯನ್ನೂ, ಕರ್ನಾಟಕದ 1962ರ ಕಾಯಿದೆಯನ್ನೂ ವಿವರಿಸುತ್ತಾ, ನೆಲದಲ್ಲಿ ಸಿಕ್ಕಿದ್ದನ್ನು ಜಿಲ್ಲಾಧಿಕಾರಿಗೆ ತಿಳಿಸದೆ ಇಟ್ಟುಕೊಂಡರೆ ಜೈಲು ಎಂದು ಎಚ್ಚರಿಸಿದ. ಸಿಗುವ ಮೊದಲೇ ನಾವು ಕಳೆದುಕೊಳ್ಳುವ ಚಿಂತೆಯಲ್ಲಿದ್ದೆವು.

ಮಾಸ್ತರರು ಒಳ್ಳೆಯ ಬೆಳಕಿರುವ ಜಗುಲಿಯಲ್ಲಿ ಚಾಪೆ ಹಾಸಿ, ಕೆಂಪು ಬಟ್ಟೆಯ ಗಂಟನ್ನು ನಮ್ಮಿಂದಲೇ ಬಿಚ್ಚಿಸಿದರು. ಎರಡು ಮರದ ಹಲಗೆಗಳ ನಡುವೆ ಕಪ್ಪು ಬಟ್ಟೆಯ ಮಡಿಕೆಗಳು ಬೀಸಣಿಗೆಯಂತೆ ಬಿಚ್ಚಿಕೊಂಡವು. ನೂರು ವರ್ಷ ಕಳೆದರೂ ಅದಕ್ಕೆ ಹುಳು ಬಿದ್ದಿರಲಿಲ್ಲ. ಹುಣಸೆ ಬೀಜದ ಅಂಟಿಗೆ ಇದ್ದಿಲಿನ ಪುಡಿ ಕಲಸಿ ಬಟ್ಟೆಯ ಎರಡೂ ಮೈಗೆ ಬಳಿದು ಒಣಗಿಸಿದರೆ ಕಡತ ಸಿದ್ಧವಾಗುತ್ತದೆ, ಅದರ ಮೇಲೆ ಬರೆಯುವುದು ಬಿಳಿಯ ಬಳಪದಿಂದ ಎಂದು ಅವರು ವಿವರಿಸಿದರು. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಇಂಥವನ್ನು ನೋಡಿದ್ದ ನನಗೆ ಅದು ಹೊಸದಲ್ಲ. ಆದರೆ ಅವರು ಮುಂದೆ ಹೇಳಿದ ಮಾತನ್ನು ನಾನು ಎಂದೂ ಯೋಚಿಸಿರಲಿಲ್ಲ. ಲೆಕ್ಕ ತೀರಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಬರೆಯಬಹುದಾದ್ದರಿಂದಲೇ ಶ್ಯಾನುಭೋಗರೂ ವ್ಯಾಪಾರಿಗಳೂ ಕಡತವನ್ನು ಇಷ್ಟಪಡುತ್ತಿದ್ದರಂತೆ. "ನೀರು ತಾಗಿದರೆ ಎಲ್ಲವೂ ಹೋಯಿತು" ಎಂದು ಅವರು ನಕ್ಕರು.

ಓದು ಮಧ್ಯಾಹ್ನದವರೆಗೂ ನಡೆಯಿತು. ಅದು ನಮ್ಮ ಮುತ್ತಜ್ಜನ ಲೆಕ್ಕ. ವಿಕೃತಿ ಸಂವತ್ಸರ ಎಂದಿದ್ದುದನ್ನು ಮಾಸ್ತರರು 1890-91 ಎಂದು ನಿಶ್ಚಯಿಸಿದರು. ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುವ ಅದೇ ಹೆಸರಿನ ಮುಂದಿನ ಸಂವತ್ಸರದ ಹೊತ್ತಿಗೆ ಮುತ್ತಜ್ಜ ಬದುಕಿರಲಿಲ್ಲ. ಎಷ್ಟು ಮಣ ಅಡಿಕೆ ಹೋಯಿತು, ಘಟ್ಟದ ಕೆಳಗಿನಿಂದ ಹೇರೆತ್ತಿನ ಮೇಲೆ ಬಂದ ಉಪ್ಪೆಷ್ಟು, ಮದುವೆಗೆ ತಂದ ಬೆಲ್ಲವೆಷ್ಟು ಎಂಬ ಸಾಲುಗಳ ನಡುವೆ ಮತ್ತೆ ಮತ್ತೆ ಬರುತ್ತಿದ್ದದ್ದು ಅಡಿಕೆ ವ್ಯಾಪಾರಿಯೊಬ್ಬರಿಂದ ಎತ್ತಿದ ಸಾಲ, ಅದರ ಬಡ್ಡಿ, ಬಡ್ಡಿಗಾಗಿ ಮಾಡಿದ ಮತ್ತೊಂದು ಸಾಲ. ಮನೆತನ ಹೂತಿಟ್ಟದ್ದೇನೂ ಇರಲಿಲ್ಲ, ಕೊಡಬೇಕಾದದ್ದೇ ಬೇಕಾದಷ್ಟಿತ್ತು. ಚಿಕ್ಕಪ್ಪ ಎರಡು ಬಾರಿ "ದನದ ಚಿತ್ರ?" ಎಂದು ಕೇಳಿದರು. ದೊಡ್ಡಪ್ಪ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದರು. ಅವರಿಗೆ ಆಗ ಎಪ್ಪತ್ತೆಂಟು ವರ್ಷ.

ಕಡತವನ್ನು ತಿರುವಿ ಹಾಕಿದಾಗ ಹಿಂಬದಿಯ ಮಡಿಕೆಗಳು ಬಹುತೇಕ ಖಾಲಿಯಾಗಿದ್ದವು. ಕೊನೆಯ ಮೂರು ಮಡಿಕೆಗಳ ಹತ್ತಿರ ಬಂದ ಮಾಸ್ತರರು ಓದುವುದನ್ನು ನಿಲ್ಲಿಸಿ ಕಡತವನ್ನು ನಮ್ಮ ಕಡೆಗೆ ಸರಿಸಿದರು. "ಇದಕ್ಕೆ ನಾನು ಬೇಡ, ನೀವೇ ಓದಬಹುದು" ಎಂದರು.

ಅಲ್ಲಿ ಇದ್ದದ್ದು ಕಾಗುಣಿತ. ದಪ್ಪ ದಪ್ಪ, ವಾಲಿದ, ಒಂದರ ಮೇಲೊಂದು ಹತ್ತಿದ ಅಕ್ಷರಗಳಲ್ಲಿ ಕಕಾರದ ಒಂದು ಸಾಲು ಪೂರ್ತಿ, ಖಕಾರದ ಸಾಲು ಅರ್ಧ. ಅಲ್ಲಿಗೆ ಬೇಸರ ಬಂದಿರಬೇಕು. ಪಕ್ಕದಲ್ಲಿ ಐದು ಕಾಲಿನ ಒಂದು ದನವಿತ್ತು. ಅದರ ಕೆಳಗೆ ಒಂದು ಹೆಣ್ಣು ಹೆಸರನ್ನು ನಾಲ್ಕು ಸಲ ಬರೆಯಲಾಗಿತ್ತು, ನಾಲ್ಕರಲ್ಲಿಯೂ ಒತ್ತಕ್ಷರ ತಪ್ಪಾಗಿತ್ತು. ಆ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ನನ್ನ ತಲೆಮಾರಿನವರು ಅದನ್ನು ಕೇಳಿಯೂ ಇರಲಿಲ್ಲ. ನಾನು ಅದನ್ನು ಗಟ್ಟಿಯಾಗಿ ಓದಿದಾಗ ದೊಡ್ಡಪ್ಪ ಕಣ್ಣು ಬಿಟ್ಟರು. ಹತ್ತಿರ ಬಂದು ಬಗ್ಗಿ, ಬಹಳ ಹೊತ್ತು ನೋಡಿ, "ಇದು ಅಕ್ಕಂದು" ಎಂದರು.

ದೊಡ್ಡಪ್ಪನಿಗಿಂತ ಎರಡು ವರ್ಷ ದೊಡ್ಡವಳಾದ ಒಬ್ಬ ಅಕ್ಕ ಇದ್ದಳೆಂಬುದು ನಮಗೆ ತಿಳಿದದ್ದು ಆಗಲೇ. ಡಿಡಿಟಿ ಬರುವ ಮೊದಲಿನ ಮಲೆನಾಡಿನಲ್ಲಿ ಚಳಿಜ್ವರ ಮನೆಮನೆಯಲ್ಲಿಯೂ ಮಕ್ಕಳನ್ನು ಎಳೆದುಕೊಳ್ಳುತ್ತಿತ್ತು. 1937ರಲ್ಲಿ, ಎಂಟನೆಯ ವರ್ಷದಲ್ಲಿ, ಅವಳು ಹೋದಳು. ಶಾಲೆ ದೂರವೆಂದು ಅಜ್ಜ ಅವಳಿಗೆ ಮನೆಯಲ್ಲಿಯೇ ಅಕ್ಷರ ಕಲಿಸುತ್ತಿದ್ದರು, ಸ್ಲೇಟಿನ ಬದಲು ಅಟ್ಟದ ಮೇಲೆ ಬಿದ್ದಿದ್ದ ಹಳೆಯ ಕಡತವನ್ನು ಕೊಟ್ಟಿದ್ದರು. ದಿನವೂ ಸಂಜೆ ಒದ್ದೆ ಬಟ್ಟೆಯಿಂದ ಒರೆಸುವುದು ಆರು ವರ್ಷದ ದೊಡ್ಡಪ್ಪನ ಕೆಲಸವಾಗಿತ್ತಂತೆ. ಕೊನೆಯ ದಿನ ಏಕೆ ಒರೆಸಲಿಲ್ಲ ಎಂಬುದು ಅವರಿಗೆ ನೆನಪಿರಲಿಲ್ಲ. ಅವಳಿಗೆ ಆವತ್ತೇ ಜ್ವರ ಬಂದಿರಬಹುದು ಎಂದರು, ಅಥವಾ ತಾನು ಆಡಲು ಹೋಗಿದ್ದಿರಬಹುದು ಎಂದರು. ಅವಳ ಒಂದು ಫೋಟೋ ಇಲ್ಲ, ಒಂದು ಲಂಗವೂ ಉಳಿದಿಲ್ಲ. ಅಜ್ಜಿಯ ಮುಂದೆ ಯಾರೂ ಅವಳ ಹೆಸರೆತ್ತಬಾರದೆಂದು ಅಜ್ಜ ಕಟ್ಟು ಮಾಡಿದ್ದರಂತೆ. ಎರಡು ವರ್ಷಗಳ ಮೇಲೆ ಹುಟ್ಟಿದ ಚಿಕ್ಕಪ್ಪನಿಗೆ, ಮೊದಲು ಒಂದು ಮಗು ಹೋಗಿತ್ತೆಂಬುದರ ಹೊರತು ಬೇರೇನೂ ಗೊತ್ತಿರಲಿಲ್ಲ.

ಚಿಕ್ಕಪ್ಪ ತಾವು ಎರಡಾಳು ಆಳ ಅಗೆಸಲು ಕಾರಣವಾದ ಆ ದನವನ್ನೇ ನೋಡುತ್ತಾ ಕುಳಿತಿದ್ದರು. ಆಮೇಲೆ, ಇಪ್ಪತ್ತೈದು ವರ್ಷಗಳಲ್ಲಿ ಮೊದಲ ಬಾರಿಗೆ ನೇರವಾಗಿ ಕೇಳಿದರು: "ಅಣ್ಣಯ್ಯ, ದನಕ್ಕೆ ಐದು ಕಾಲು ಎಂತಕ್ಕೆ?"

"ಐದ್ನೇದು ಬಾಲ. ಆಗಿನ ನಮ್ಮನೆ ದನದ ಬಾಲ ನೆಲಕ್ಕೆ ತಾಗ್ತಿತ್ತು" ಎಂದರು ದೊಡ್ಡಪ್ಪ.

ಮುತ್ತಜ್ಜನ ಲೆಕ್ಕದ ಭಾಗಕ್ಕೆ ಬೆಲೆಯಿದೆ, ಅಡಿಕೆ ವ್ಯಾಪಾರದ ಬಗ್ಗೆ ಕೆಲಸ ಮಾಡುವವರಿಗೆ ಬೇಕಾಗಬಹುದು ಎಂದು ಮಾಸ್ತರರು ಫೋಟೋ ತೆಗೆಯಲು ಅನುಮತಿ ಕೇಳಿದರು. ದೊಡ್ಡಪ್ಪ ಒಪ್ಪಿದರು. ಹಿಂಬದಿಯ ಮೂರು ಮಡಿಕೆಗಳನ್ನು ಮಾತ್ರ ತಾವೇ ಮಡಚಿ ಹಿಡಿದುಕೊಂಡರು. ವಕೀಲ ಮಗ ಪಾಲುಪಟ್ಟಿಯ ಷರತ್ತನ್ನು ನೆನಪಿಸಿ, ಇನ್ನು ಇದನ್ನು ಯಾರು ಇಟ್ಟುಕೊಳ್ಳಬೇಕೆಂದು ಚರ್ಚೆ ಎತ್ತಲು ಹೋದಾಗ, ಅವನ ಅಪ್ಪನೇ ಅವನನ್ನು ಸುಮ್ಮನಾಗಿಸಿದರು.

ಮಾಸ್ತರರ ಮನೆಯವರು ಊಟವಿಲ್ಲದೆ ಬಿಡಲಿಲ್ಲ. ಊಟ ಮುಗಿಸಿ ಹಿತ್ತಲಲ್ಲಿ ಕೈ ತೊಳೆದು ಬಂದ ಚಿಕ್ಕಪ್ಪ, ಇನ್ನೊಮ್ಮೆ ನೋಡುತ್ತೇನೆ ಎಂದು ಕಡತದ ಮುಂದೆ ಕುಳಿತರು. ಮುಟ್ಟುವ ಮೊದಲು ಎರಡೂ ಅಂಗೈಗಳನ್ನು ಪಂಚೆಗೆ ಒರೆಸಿಕೊಂಡು, ಬಿಸಿಲಿಗೆ ಹಿಡಿದು ನೋಡಿ, ಮತ್ತೊಮ್ಮೆ ಒರೆಸಿಕೊಂಡರು.