ನಿಂತಲ್ಲೇ ಉರಿಯುವ ಡೀಸೆಲ್

ಹುಬ್ಬಳ್ಳಿಯ ಗೋಕುಲ ರೋಡ್ ಕಡೆಯ ನಮ್ಮ ಗ್ಯಾರೇಜಿಗೆ ವಿದ್ಯುತ್ ಲೈನ್ ಕೆಲಸಕ್ಕೆ ಬಾಡಿಗೆ ಹೋಗುವ ಗಾಡಿಗಳು ಹೆಚ್ಚು ಬರುತ್ತವೆ. ಮಾಲೀಕರ ಮೊದಲ ಮಾತು ಒಂದೇ: "ಆವರೇಜ್ ಕೊಡವಲ್ದು, ನೋಡ್ರಿ." ನಾನು ಏರ್ ಫಿಲ್ಟರ್ ತೆಗೆದು ನೋಡುತ್ತೇನೆ, ಟೈರಿನ ಗಾಳಿ ನೋಡುತ್ತೇನೆ, ಬ್ರೇಕ್ ಹಿಡಿದುಕೊಂಡಿದೆಯೇನು ಅಂತ ಜಾಕ್ ಹಚ್ಚಿ ಗಾಲಿ ತಿರುಗಿಸುತ್ತೇನೆ. ಬಹಳ ಸಲ ಏನೂ ಸಿಗುವುದಿಲ್ಲ. ಡೀಸೆಲ್ ಹೋಗಿರುವುದು ಗಾಡಿ ನಿಂತಾಗ.

ನವಲಗುಂದದ ಕಡೆ ಯಾವುದೋ ಹೊಲದಲ್ಲಿ ಜಂಪ್, ಅಂದರೆ ಕಂಬದ ಮೇಲೆ ಲೈನ್ ಜೋಡಿಸುವ ತುಂಡು ತಂತಿ, ಕಟ್ ಆಗಿದೆ ಅಂತ ದೂರು ಬರುತ್ತದೆ ಅನ್ನಿ. ಗಾಡಿ ಹೋಗಿ ಕಂಬದ ಹತ್ತಿರ ನಿಲ್ಲುತ್ತದೆ. ಲೈನ್‌ಮನ್ ಸಬ್‌ಸ್ಟೇಷನ್ನಿಗೆ ಫೋನ್ ಹಚ್ಚಿ ಎಲ್‌ಸಿ, ಅಂದರೆ ಲೈನ್ ಬಂದ್ ಆಗಿದೆ, ಕೆಲಸ ಮಾಡಬಹುದು ಎಂಬ ಲೈನ್ ಕ್ಲಿಯರ್ ಕೇಳುತ್ತಾನೆ. ಅಲ್ಲಿಯವರು ಆ ಕಡೆ ಕರೆಂಟ್ ಒಯ್ಯುವ ಫೀಡರ್ ಲೈನ್ ಬಂದ್ ಮಾಡಿ ಎಲ್‌ಸಿ ಕೊಡುವ ತನಕ ಕಂಬ ಮುಟ್ಟುವ ಹಾಗಿಲ್ಲ, ಮುಟ್ಟಲೂಬಾರದು. ಆಮೇಲೆ ಅರ್ಥಿಂಗ್ ಹಾಕಿ ಕೆಲಸ. ಅಷ್ಟೂ ಹೊತ್ತು ಇಂಜಿನ್ ಗುರ್ ಅನ್ನುತ್ತಲೇ ಇರುತ್ತದೆ. ಜೀಪಿನ ಡೀಸೆಲ್ ಇಂಜಿನ್ ಸುಮ್ಮನೆ ನಿಂತು ತಾಸಿಗೆ ಅರ್ಧದಿಂದ ಒಂದು ಲೀಟರ್ ಕುಡಿಯುತ್ತದೆ. ಒಂದು ಲೀಟರ್ ಉರಿದರೆ ಸುಮಾರು 2.7 ಕೆಜಿ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಲಾಗ್ ಬುಕ್ಕಿನಲ್ಲಿ ಇದಕ್ಕೆ ಕಾಲಂ ನೋಡಿಲ್ಲ. ಅಲ್ಲಿ ಬರೆಯುವುದು ಬರೀ ಕಿಲೋಮೀಟರ್.

ಡ್ರೈವರನಿಗೆ ಬೈಯುವುದು ಸುಲಭ. ಯಾಕೋ ಬಂದ್ ಮಾಡಂಗಿಲ್ಲ ಅಂತ ಒಬ್ಬ ಹುಡುಗನನ್ನು ಕೇಳಿದೆ. "ಅಣ್ಣಾರ, ಬ್ಯಾಟರಿ ಡೌನ್ ಐತ್ರಿ. ಬಂದ್ ಮಾಡಿ ಮತ್ತ ಸೆಲ್ಫ್ ಎತ್ತಲಿಲ್ಲಂದ್ರ ಆ ಎರಿ ಹೊಲದಾಗ ಯಾರು ದಬ್ಬವ್ರು?" ಮಳೆಯಾದ ಎರೆಮಣ್ಣಿನಲ್ಲಿ ಗಾಡಿ ದಬ್ಬಿದವರು ಇದಕ್ಕೆ ಎದುರು ಮಾತಾಡಲಾರರು. ಮಾಲೀಕ ಬ್ಯಾಟರಿಯ ದುಡ್ಡು ಉಳಿಸಿದೆ ಅಂದುಕೊಂಡಿರುತ್ತಾನೆ, ಆ ದುಡ್ಡು ದಿನಾ ಸೈಲೆನ್ಸರಿನಿಂದ ಹೊರಗೆ ಹೋಗುತ್ತಿರುತ್ತದೆ.

ಇನ್ನೊಂದು ಕಾರಣ ಬೆಳಕು. ರಾತ್ರಿ ಕಂಬದ ಮೇಲಿದ್ದವನಿಗೆ ಬೆಳಕು ಬೇಕು, ಹೆಡ್‌ಲೈಟ್ ಹಚ್ಚಬೇಕು, ಬ್ಯಾಟರಿ ಇಳಿಯಬಾರದೆಂದು ಇಂಜಿನ್ ಚಾಲೂ ಇಡಬೇಕು. ಒಂದು ಒಳ್ಳೆ ಚಾರ್ಜಿಂಗ್ ಎಲ್‌ಇಡಿ ಸರ್ಚ್‌ಲೈಟ್ ಇದ್ದರೆ ಈ ತಾಪತ್ರಯವೇ ಇಲ್ಲ. ಮನುಷ್ಯನನ್ನು ತೊಟ್ಟಿಯಲ್ಲಿ ಕಂಬದೆತ್ತರಕ್ಕೆ ಎತ್ತುವ ಬಕೆಟ್ ಗಾಡಿಯ ಮಾತು ಬೇರೆ. ಅದರ ಹೈಡ್ರಾಲಿಕ್ ಪಂಪಿಗೆ ಇಂಜಿನ್ನಿಂದಲೇ ಶಕ್ತಿ ಬರಬೇಕು. ಮೇಲೆ ಮನುಷ್ಯ ಇರುವಾಗ ಡೀಸೆಲ್ ಲೆಕ್ಕ ಹಾಕಬಾರದು.

2020ರ ಏಪ್ರಿಲ್‌ನಿಂದ ಬಂದ, ಹೊಗೆಯ ಹೊಸ ನಿಯಮದ ಬಿಎಸ್ 6 ಡೀಸೆಲ್ ಗಾಡಿಗಳಿಗೆ ಈ ನಿಲ್ಲುವ ಚಟ ಇನ್ನೂ ಕೆಟ್ಟದ್ದು. ಅವುಗಳ ಸೈಲೆನ್ಸರ್ ಲೈನಿನಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇದೆ. ಹಿಡಿದ ಮಸಿ ಉರಿದು ಹೋಗಲು ಚೆನ್ನಾಗಿ ಕಾವು ಬೇಕು. ನಿಂತ ಇಂಜಿನ್ನಿಗೆ ಆ ಕಾವು ಬರುವುದಿಲ್ಲ, ಮಸಿ ಕೂಡುತ್ತ ಹೋಗುತ್ತದೆ, ಅದನ್ನು ಸುಡಲು ಗಾಡಿ ತಾನೇ ಹೆಚ್ಚಿಗೆ ಡೀಸೆಲ್ ಸುರಿಯುತ್ತದೆ. ಕೊನೆಗೆ ಡ್ಯಾಶ್‌ಬೋರ್ಡಿನಲ್ಲಿ ಲೈಟ್ ಹತ್ತಿ ಗಾಡಿ ನನ್ನ ಹತ್ತಿರ ಬರುತ್ತದೆ, ಬೈಗುಳ ಮಾತ್ರ ಬಿಎಸ್ 6ಕ್ಕೆ.

ಎಲ್ಲ ಎಲೆಕ್ಟ್ರಿಕ್ ಮಾಡಿದರೆ ಆಯಿತಲ್ಲ ಅನ್ನುವವರಿದ್ದಾರೆ. ಹುಬ್ಬಳ್ಳಿ-ಧಾರವಾಡದ ಒಳಗಿನ ಮೀಟರ್ ತಪಾಸಣೆ, ಆಫೀಸ್ ಓಡಾಟಕ್ಕೆ ನನ್ನದೂ ಅದೇ ಮತ. ಕಲ್ಲಿದ್ದಲಿನ ಕರೆಂಟಲ್ಲವೇ ಅಂತ ಕೇಳುತ್ತಾರೆ. ನಮ್ಮ ದೇಶದ ಗ್ರಿಡ್ಡಿನಲ್ಲಿ ಒಂದು ಯೂನಿಟ್ಟಿಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್ ಬೀಳುತ್ತದೆ. ಸಣ್ಣ ಎಲೆಕ್ಟ್ರಿಕ್ ಕಾರು ಒಂದು ಯೂನಿಟ್ಟಿನಲ್ಲಿ ಆರು ಕಿಲೋಮೀಟರ್ ಹೋದರೂ, ಕಿಲೋಮೀಟರ್ ಲೆಕ್ಕದಲ್ಲಿ ಅದು ಲೀಟರಿಗೆ ಹನ್ನೆರಡು ಕೊಡುವ ಜೀಪಿನ ಅರ್ಧದಷ್ಟೇ ಆಯಿತು. ಸಿಗ್ನಲ್ಲಿನಲ್ಲಿ ನಿಂತಾಗ ಮೋಟರಿಗೆ ಖರ್ಚೇ ಇಲ್ಲ. ಆದರೆ ಏಣಿ, ವೈರು, ನಾಲ್ಕು ಮಂದಿ ಹೊತ್ತು ಮಳೆಗಾಲದಲ್ಲಿ ಹೊಲಕ್ಕಿಳಿಯುವ ಗಾಡಿಗೆ ಸದ್ಯಕ್ಕೆ ಡೀಸೆಲ್ಲೇ ಇರಲಿ ಅನ್ನುತ್ತೇನೆ.

ಸ್ಕ್ಯಾನರ್ ಹಚ್ಚಿದರೆ ಕೆಲವು ಹೊಸ ಗಾಡಿಗಳು ಇಂಜಿನ್ ಎಷ್ಟು ತಾಸು ನಿಂತೇ ತಿರುಗಿದೆ ಅಂತ ತೋರಿಸುತ್ತವೆ. ಈಗೀಗ ಅದನ್ನೂ ಸರ್ವಿಸ್ ಚೀಟಿಯ ಮೇಲೆ ಬರೆದು ಕೊಡುತ್ತೇನೆ. ಕೆಲವು ಮಾಲೀಕರು ಓದಿ ಬ್ಯಾಟರಿ ರೇಟ್ ಕೇಳುತ್ತಾರೆ. ಉಳಿದವರು "ಅದ್ ಇರ್ಲಿ, ನಾಜಲ್ ಕ್ಲೀನ್ ಮಾಡ್ರಿ" ಅನ್ನುತ್ತಾರೆ.