“ನಡೀತಾನಲ್ಲಮ್ಮ, ಸಾಲಲ್ಲಿ ಬರ್ಲಿ”

ಬೆಳಗ್ಗೆ ಎಂಟೂವರೆ. ತಾಲೂಕು ಆಸ್ಪತ್ರೆಯೊಂದರ ಚೀಟಿ ಕೌಂಟರ್ ಮುಂದೆ ಆಗಲೇ ನಲವತ್ತು ಜನ. ಗೋಡೆ ಮೇಲೆ ‘ಹಿರಿಯ ನಾಗರಿಕರು ಮತ್ತು ವಿಕಲಚೇತನರಿಗೆ ಪ್ರತ್ಯೇಕ ಸಾಲು’ ಅನ್ನೋ ಬೋರ್ಡು, ಪಕ್ಕದಲ್ಲಿ ಗಾಲಿಕುರ್ಚಿಯ ಚಿತ್ರ. ತಾಯಿ ಬೌದ್ಧಿಕ ವೈಕಲ್ಯವಿರುವ ಮಗನ ಯುಡಿಐಡಿ ಕಾರ್ಡ್, ಅಂದರೆ ಸರ್ಕಾರ ಕೊಡುವ ವಿಕಲಚೇತನರ ಗುರುತಿನ ಚೀಟಿ, ಚಾಚಿದರು. ಒಳಗಿದ್ದಾತ ಕಾರ್ಡ್ ನೋಡಲಿಲ್ಲ, ಹುಡುಗನ ಕಾಲು ನೋಡಿದ. “ನಡೀತಾನಲ್ಲಮ್ಮ, ಸಾಲಲ್ಲಿ ಬರ್ಲಿ.”

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯ ಪಟ್ಟಿ ಮಾಡಿದೆ, ಬೌದ್ಧಿಕ ವೈಕಲ್ಯವೂ ಅದರಲ್ಲಿದೆ. ತಪಾಸಣೆ, ಚಿಕಿತ್ಸೆಗೆ ಇವರಿಗೆ ಆದ್ಯತೆ ಕೊಡಬೇಕು ಅನ್ನುವುದು ಅದರ 25ನೇ ಸೆಕ್ಷನ್. ಆದರೆ ಗಾಲಿಕುರ್ಚಿ ಕಾಣದಿದ್ದರೆ ವೈಕಲ್ಯವೂ ಕಾಣುವುದಿಲ್ಲ. ಇಂಥ ಕಡೆ ಕೌಂಟರಿನಲ್ಲಿ ಜಗಳಕ್ಕೆ ನಿಲ್ಲಬಾರದು. ಗಲಾಟೆಗೆ ಮೊದಲು ಕೆರಳುವವನು ರೋಗಿಯೇ. ಒಬ್ಬರು ಸಾಲಿನಲ್ಲಿ ನಿಂತು, ಇನ್ನೊಬ್ಬರು ನೇರ ಆಡಳಿತ ವೈದ್ಯಾಧಿಕಾರಿ ಕೋಣೆಗೆ ಹೋದರೆ ಕೆಲಸ ಬೇಗ ಆಗುತ್ತದೆ. ಅವತ್ತು ಆದದ್ದೂ ಹಾಗೆಯೇ.

ಹುಡುಗನಿಗೆ ಇಪ್ಪತ್ತಾರು. ‘ಅಮ್ಮ’, ‘ನೀರ್’ ಬಿಟ್ಟರೆ ಮಾತಿಲ್ಲ. ನಾಲ್ಕು ದಿನದಿಂದ ಊಟ ಬಿಟ್ಟಿದ್ದ, ರಾತ್ರಿ ಗೋಡೆಗೆ ತಲೆ ಚಚ್ಚುತ್ತಿದ್ದ. ಚಡ್ಡಿಯಲ್ಲಿ ಆಗಾಗ ಸ್ವಲ್ಪ ಸ್ವಲ್ಪ ನೀರುಭೇದಿ. ಎರಡು ದಿನದ ಹಿಂದೆ ಬೇರೆ ಕಡೆ ಭೇದಿ ನಿಲ್ಲಲೆಂದು ಲೋಪೆರಮೈಡ್ ಕೊಟ್ಟಿದ್ದರು.

ಡಾಕ್ಟರ್ ತಲೆ ಎತ್ತದೆ ಕೇಳಿದರು: “ಇವ್ನು ಯಾವಾಗ್ಲೂ ಹಿಂಗೇನಾ?”

“ಇಲ್ಲ ಸಾರ್, ನಾಕ್ ದಿನದಿಂದ ಹಿಂಗೆ.”

ಚೀಟಿಯಲ್ಲಿ ಬಿದ್ದದ್ದು ಮಾತ್ರ ‘ಎಂ.ಆರ್., ವರ್ತನೆ ಸಮಸ್ಯೆ, ಮನೋವೈದ್ಯರಿಗೆ ತೋರಿಸಿ’. ಎಂ.ಆರ್. ಅಂದರೆ ‘ಮೆಂಟಲ್ ರಿಟಾರ್ಡೇಶನ್’, ಬೌದ್ಧಿಕ ವೈಕಲ್ಯಕ್ಕಿದ್ದ ಹಳೇ ಹೆಸರು. ತಾಯಿ ಕೊಟ್ಟ ಉತ್ತರಕ್ಕೆ ಚೀಟಿಯಲ್ಲಿ ಜಾಗವೇ ಇರಲಿಲ್ಲ. ಹೊಸದಾಗಿ ಶುರುವಾದದ್ದನ್ನೆಲ್ಲ ಹಳೇ ವೈಕಲ್ಯದ ಲೆಕ್ಕಕ್ಕೆ ಬರೆದುಬಿಡುವುದು ಈ ರೋಗಿಗಳಿಗೆ ಆಗುವ ದೊಡ್ಡ ಅನ್ಯಾಯ. ಮಾತು ಬಾರದವರು ಇದ್ದಕ್ಕಿದ್ದಂತೆ ತಲೆ ಚಚ್ಚಿಕೊಂಡರೆ ಮೊದಲು ಹುಡುಕಬೇಕಾದದ್ದು ನೋವನ್ನು: ಕಿವಿ, ಹಲ್ಲು, ಹೊಟ್ಟೆ, ಮೂತ್ರ. ಬಾಯಿ ತೆರೆಸಿ, ಕಿವಿಗೆ ಬೆಳಕು ಬಿಟ್ಟು, ಹೊಟ್ಟೆ ಮುಟ್ಟಿ ನೋಡುವುದಕ್ಕೆ ಹತ್ತು ನಿಮಿಷ ಸಾಕು.

ದಾರಿ ತೋರಿಸಿದ್ದು ಮಾತ್ರೆಯ ಸ್ಟ್ರಿಪ್ಪು. ಕೆರಳುವುದನ್ನು ಹತೋಟಿಗೆ ತರಲು ಕೊಡುವ ರಿಸ್ಪೆರಿಡೋನ್, ಅದರಿಂದ ಬರಬಹುದಾದ ನಡುಕ, ಬಿಗಿತ ತಡೆಯಲು ಜೊತೆಗೆ ಟ್ರೈಹೆಕ್ಸಿಫೆನಿಡೈಲ್, ಅಂದರೆ ಊರಲ್ಲೆಲ್ಲ ‘ಪಸಿಟೇನ್’ ಅನ್ನುವ ಗುಳಿಗೆ. ಎರಡನೆಯದು ಬಾಯಿ ಒಣಗಿಸುತ್ತದೆ, ಕರುಳಿನ ಓಟ ನಿಧಾನ ಮಾಡುತ್ತದೆ. ನೀರು ಕಡಿಮೆ ಕುಡಿದು ದಿನವಿಡೀ ಕೂತೇ ಇರುವವನಿಗೆ ಮಲ ಕಟ್ಟಲು ಇಷ್ಟೇ ಸಾಕು. ಗಟ್ಟಿ ಮಲ ಗುದದ್ವಾರದ ಹತ್ತಿರ ಬಿರಡೆಯಂತೆ ಕೂತಾಗ, ಮೇಲಿನ ನೀರು ಮಲ ಅದರ ಸಂದಿಯಿಂದ ಸೋರುತ್ತದೆ. ಅದನ್ನೇ ಭೇದಿ ಅಂದುಕೊಳ್ಳುವುದು. ಲೋಪೆರಮೈಡ್ ಕೊಟ್ಟರೆ ಬಾಗಿಲಿಗೆ ಇನ್ನೊಂದು ಚಿಲಕ ಹಾಕಿದ ಹಾಗೆ. ಇದು ಸಣ್ಣ ತೊಂದರೆ ಅನ್ನುವವರಿಗೆ ಒಂದು ಮಾತು: ಇಂಗ್ಲೆಂಡಿನಲ್ಲಿ ಡೌನ್ ಸಿಂಡ್ರೋಮ್ ಇದ್ದ ರಿಚರ್ಡ್ ಹ್ಯಾಂಡ್ಲಿ 2012ರಲ್ಲಿ, 33ನೇ ವಯಸ್ಸಿಗೆ, ಇಪ್ಸ್‌ವಿಚ್ ಆಸ್ಪತ್ರೆಯಲ್ಲಿ ಸತ್ತದ್ದು ಮಲಬದ್ಧತೆ ವಿಪರೀತಕ್ಕೆ ಹೋಗಿಯೇ.

ಸ್ಟ್ರಿಪ್ಪು ಮುಂದಿಟ್ಟು ಕೇಳಿದ ಮೇಲೆ ಡಾಕ್ಟರ್ ಹೊಟ್ಟೆ ಒತ್ತಿ ನೋಡಿದರು. ಎಡಭಾಗ ಕಲ್ಲಿನಂತಿತ್ತು. ಎಕ್ಸ್‌ರೇ ಬರೆದರು.

ಎಕ್ಸ್‌ರೇ ಕೋಣೆಯದು ಇನ್ನೊಂದು ಕಥೆ. ಸಿಬ್ಬಂದಿ ಇಬ್ಬರು ತೋಳು ಹಿಡಿದು ಮಲಗಿಸಲು ಹೋದರು, ಹುಡುಗ ಒಬ್ಬರ ಕೈ ಕಚ್ಚಿದ. “ಇಂಜೆಕ್ಷನ್ ಕೊಟ್ಟು ಮಲಗ್ಸೋಣ” ಎಂದರು. ಹೊಟ್ಟೆ ಬಿಗಿದವನಿಗೆ ಮಂಪರಿನಲ್ಲಿ ವಾಂತಿಯಾದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಒತ್ತಿ ಹಿಡಿದರಂತೂ ಮುಂದಿನ ಸಲ ಗೇಟಿನೊಳಕ್ಕೇ ಬರುವುದಿಲ್ಲ. ಕೊನೆಗೆ ಎಲ್ಲರನ್ನೂ ಆಚೆ ಕಳಿಸಿ ಫ್ಯಾನ್ ಆರಿಸಿದರು. ಆ ಕಿರ್ರೆನ್ನುವ ಸದ್ದೇ ಅವನಿಗೆ ಆಗುತ್ತಿರಲಿಲ್ಲ. ಮೇಜಿನ ಮೇಲೆ ಮೊದಲು ತಾಯಿ ಮಲಗಿ ತೋರಿಸಿ ಎದ್ದರು, ತಲೆಯ ಕೆಳಗೆ ಅವನದೇ ಟವೆಲ್ ಹಾಸಿದರು. ಆಮೇಲೆ ಕಿರಣ ತಡೆಯುವ ಸೀಸದ ಏಪ್ರನ್ ತೊಟ್ಟು ಪಕ್ಕದಲ್ಲೇ ನಿಂತರು. ಹನ್ನೆರಡು ನಿಮಿಷಕ್ಕೆ ಫಿಲ್ಮ್ ಸಿಕ್ಕಿತು. ಎಳೆದಾಟದಲ್ಲಿ ಹೋದದ್ದು ಅರ್ಧ ಗಂಟೆ.

ಫಿಲ್ಮ್ ತುಂಬ ಮಲ. ಎನಿಮಾ ಎರಡು ಸಲ ಬೇಕಾಯಿತು. ಸಂಜೆ ನಾಲ್ಕಕ್ಕೆ ಹುಡುಗ ಅರ್ಧ ಇಡ್ಲಿ ತಿಂದ.

ಅಂದು ಶಸ್ತ್ರಚಿಕಿತ್ಸೆಯ ಮಾತು ಬರಲಿಲ್ಲ, ಬಂದಿದ್ದರೆ ಇನ್ನೊಂದು ಗಂಟು ಇತ್ತು. ಹದಿನೆಂಟು ದಾಟಿದ ಮೇಲೆ ತಂದೆತಾಯಿ ಕಾನೂನಿನ ಲೆಕ್ಕದಲ್ಲಿ ತಾವಾಗಿಯೇ ಪಾಲಕರಲ್ಲ. ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ ಜಿಲ್ಲಾಧಿಕಾರಿಯವರ ಸ್ಥಳೀಯ ಮಟ್ಟದ ಸಮಿತಿಯಿಂದ ಪಾಲಕತ್ವದ ಪತ್ರ ಪಡೆಯಬೇಕು. ಬಹಳ ಮನೆಗಳಿಗೆ ಇದು ಗೊತ್ತಾಗುವುದು ಥಿಯೇಟರ್ ಬಾಗಿಲಲ್ಲಿ ಸಹಿ ಕೇಳಿದಾಗಲೇ.

ಬಿಡುಗಡೆ ಚೀಟಿಯಲ್ಲಿ ಮತ್ತೆ ‘ಎಂ.ಆರ್.’ ಮೊದಲು, ಮಲಬದ್ಧತೆ ಕೊನೆಗೆ. ಲೋಪೆರಮೈಡ್ ಮತ್ತೆ ಕೊಡಬಾರದು ಅನ್ನುವುದನ್ನು ಕೇಳಿ ಬರೆಸಬೇಕಾಯಿತು. ಪಸಿಟೇನ್ ಬೇಕೋ ಬೇಡವೋ ಅನ್ನುವುದು ಮಂಗಳವಾರದ ಮನೋಚೈತನ್ಯ ಕ್ಲಿನಿಕ್‌ಗೆ, ಅಂದರೆ ಸರ್ಕಾರಿ ಆಸ್ಪತ್ರೆಯಲ್ಲಿ ಮನೋವೈದ್ಯರು ನೋಡುವ ಕಡೆಗೆ, ಹೋಗಿ ಕೇಳಬೇಕಾದ ಮಾತು. ಮನೆಯಲ್ಲಿ ತಾವೇ ನಿಲ್ಲಿಸಿದರೆ ಕೈನಡುಕ, ಮೈಬಿಗಿತ ಶುರುವಾಗಬಹುದು. ಡಾಕ್ಟರ್ ಬರೆದ ಪಾಲಿಎಥಿಲೀನ್ ಗ್ಲೈಕಾಲ್ ಪುಡಿಯನ್ನು, ಒಂದು ಅಳತೆಗೆ 17 ಗ್ರಾಂ, ಒಂದು ಲೋಟ ನೀರಿನಲ್ಲಿ ಪೂರ್ತಿ ಕರಗಿಸಿ ಕುಡಿಸಬೇಕು. ರುಚಿ ಇಲ್ಲದ್ದರಿಂದ ಪಾನಕದಲ್ಲಿಟ್ಟರೂ ಗೊತ್ತಾಗುವುದಿಲ್ಲ.

ಆಸ್ಪತ್ರೆ ಕ್ಯಾಂಟೀನಿನ ಬೆಂಚಿನ ಮೇಲೆ ಕೂತು ಹಳೇ ನೋಟ್‌ಬುಕ್ಕಿನ ಹಾಳೆಗೆ ಗೆರೆ ಎಳೆದದ್ದಾಯಿತು: ತಾರೀಕು, ಮಲ ಆಯಿತೇ, ಗಟ್ಟಿಯೋ ಮೆತ್ತಗೋ, ಎಷ್ಟು ಲೋಟ ನೀರು. ಹಾಳೆಯ ಹಿಂಬದಿಗೆ ಮಾತ್ರೆಗಳ ಹೆಸರು, ಮಿಲಿಗ್ರಾಂ, ಮತ್ತೆ ‘ನೋವಾದರೆ ಏನು ಮಾಡ್ತಾನೆ’. ಮೂರು ದಿನ ಮಲ ಆಗದಿದ್ದರೆ ನಾಲ್ಕನೇ ದಿನಕ್ಕೆ ಕಾಯದೆ ಡಾಕ್ಟರಿಗೆ ತೋರಿಸಬೇಕು. ತಾಯಿಗೆ ಓದು ಬರುವುದಿಲ್ಲ. ಅದಕ್ಕೆ ಆದ ದಿನ ಸುನ್ನೆ, ಆಗದ ದಿನ ಅಡ್ಡಗೆರೆ ಅಂತ ಒಪ್ಪಂದವಾಯಿತು. ಮೊದಲ ಸುನ್ನೆಯನ್ನು ಅವರು ಅಲ್ಲೇ ಹಾಕಿದರು, ಎನಿಮಾದ್ದೂ ಲೆಕ್ಕಕ್ಕೆ ಬರುತ್ತಾ ಎಂದು ಕೇಳಿಕೊಂಡು.