ಹಸಿರೇ ಇಲ್ಲದ ಮರ ಬಿಡಿಸೋಕೆ ಬೆಂಗಳೂರಿಗೆ

ನಾಲ್ಕು ವರ್ಷದಿಂದ ಇದೇ ಆಗಿತ್ತು. ಮಾರ್ಚ್ ಹತ್ರ ಬಂದ್ರೆ ಬೆಂಗಳೂರಲ್ಲಿರೋ ನನ್ನ ತಮ್ಮ ಗುಲಾಬಿ ಬಣ್ಣದ ಹೂ ಬಿಡೋ ಟಬೂಬಿಯಾ ಮರಗಳ ಫೋಟೋ ಕಳಿಸ್ತಾನೆ, ನಾನು ತಿಪಟೂರಲ್ಲಿ ಕೂತು ಅದನ್ನ ನೋಡ್ಕೊಂಡು ನೀರುಬಣ್ಣದಲ್ಲಿ ಬಿಡಿಸ್ತೀನಿ, ಒಂದೂ ಮನಸ್ಸಿಗೆ ಒಪ್ಪಲ್ಲ. ಈ ಸಲ ಶನಿವಾರ ಸ್ಕೂಲ್ ಬಿಟ್ಟಿದ್ದೇ ತಡ, ಪ್ಯಾಡು, ಬಣ್ಣದ ಡಬ್ಬಿ, ಎರಡು ಬಾಟಲಿ ನೀರು ಬ್ಯಾಗಿಗೆ ಹಾಕ್ಕೊಂಡು ಟ್ರೈನ್ ಹತ್ತಿಬಿಟ್ಟೆ. ಯಶವಂತಪುರದಲ್ಲಿ ಇಳಿದು ಗ್ರೀನ್ ಲೈನ್ ಮೆಟ್ರೋ ಹಿಡಿದ್ರೆ ಸೀದಾ ಲಾಲ್‌ಬಾಗ್.

ಲಾಲ್‌ಬಾಗಲ್ಲಿ ಅವತ್ತು ಸಿಕ್ಕಿದ್ದು ಒಂದೂವರೆ ಗಂಟೆ ಅಷ್ಟೇ. 1760ರಲ್ಲಿ ಹೈದರಾಲಿ ಶುರು ಮಾಡಿಸಿದ ತೋಟ, ಈಗ 240 ಎಕರೆ, ಅದನ್ನೆಲ್ಲಾ ಸುತ್ತೋ ಆಸೆ ಬಿಟ್ಟು ಬಂಡೆ ಮೇಲೆ ಹತ್ತಿ ಕೂತೆ. ಸುಮಾರು 300 ಕೋಟಿ ವರ್ಷ ಹಳೇ ಬಂಡೆಯಂತೆ, ಅದರ ಬೂದು ಬಣ್ಣದ ಎದುರಿಗೆ ಹಳದಿ ಟಬೂಬಿಯಾ ಎಷ್ಟು ಎದ್ದು ಕಾಣುತ್ತೆ ಗೊತ್ತಾ! 1908ರಲ್ಲಿ ಈ ತೋಟ ನೋಡ್ಕೊಳ್ಳೋಕೆ ಬಂದ ಜರ್ಮನಿಯ ಕ್ರುಂಬಿಗಲ್ ಅವರನ್ನ ನಾನು ಚಿತ್ರಗಾರ ಅಂತಾನೇ ಅನ್ಕೊಳ್ಳೋದು. ಒಂದು ಜಾತಿ ಮರದ ಹೂವು ಮುಗಿಯೋ ಹೊತ್ತಿಗೆ ಇನ್ನೊಂದು ಬಿಡ್ಬೇಕು, ವರ್ಷವಿಡೀ ಊರಲ್ಲಿ ಎಲ್ಲಾದ್ರೂ ಒಂದು ಬಣ್ಣ ಇರ್ಬೇಕು ಅಂತ ರಸ್ತೆಗಳಿಗೆ ಮರ ಆರಿಸಿದ್ರು. ಟಬೂಬಿಯಾ ಆದ್ಮೇಲೆ ಜಕರಾಂಡ, ಅದಾದ್ಮೇಲೆ ಗುಲ್‌ಮೊಹರ್. ಆಮೇಲೆ 1980ರ ದಶಕದಲ್ಲಿ ಅರಣ್ಯ ಅಧಿಕಾರಿ ನೇಗಿನಹಾಳ್ ಅವರು ಸುಮಾರು 15 ಲಕ್ಷ ಸಸಿ ನೆಡಿಸಿದ್ರು. ಇವತ್ತು ನಾವು ಫೋಟೋ ತೆಗೆಯೋ ಮರಗಳ ಹಿಂದೆ ಇಷ್ಟು ಜನರ ಕೈ ಇದೆ.

ಭಾನುವಾರ ಆರೂವರೆಗೇ ತಮ್ಮ ಬೈಕಲ್ಲಿ ಕಬ್ಬನ್ ಪಾರ್ಕಿಗೆ ಬಿಟ್ಟ. ಭಾನುವಾರ ಒಳಗೆ ಗಾಡಿ ಬಿಡಲ್ಲ, ಹಾಗಾಗಿ ಹಕ್ಕಿ ಸದ್ದು ಚೆನ್ನಾಗಿ ಕೇಳುತ್ತೆ. ದೂರದಲ್ಲಿ ಶೇಷಾದ್ರಿ ಅಯ್ಯರ್ ಹಾಲಿನ ಕೆಂಪು ಗೋಡೆ ಕಾಣೋ ಕಡೆ ಒಂದು ಗುಲಾಬಿ ಟಬೂಬಿಯಾ, ಅದರ ಕೆಳಗೆ ಪೇಪರ್ ಹಾಸ್ಕೊಂಡು ಕೂತೆ.

ಮೊದಲನೇ ಹಾಳೆ ಹಾಳಾಯ್ತು. ಕೈ ಅಭ್ಯಾಸಬಲದಿಂದ ಹಸಿರಿಗೇ ಹೋಯ್ತು, ಆದ್ರೆ ತಲೆ ಎತ್ತಿ ನೋಡಿದ್ರೆ ಮರದಲ್ಲಿ ಎಲೆನೇ ಇಲ್ಲ, ಎಲೆ ಎಲ್ಲಾ ಉದುರಿಸ್ಕೊಂಡೇ ಇದು ಹೂ ಬಿಡೋದು. ಫೋಟೋದಲ್ಲಿ ಹಿಂದಿನ ಮರದ ಹಸಿರನ್ನೇ ಇದರದ್ದು ಅನ್ಕೊಂಡು ನಾಲ್ಕು ವರ್ಷ ತುಂಬಿದ್ದೀನಿ. ಎರಡನೇದ್ರಲ್ಲಿ ಆಕಾಶಕ್ಕೆ ವಾಶ್, ಅಂದ್ರೆ ನೀರಾಗಿರೋ ತೆಳು ಬಣ್ಣ, ಹಾಕ್ತಿದ್ದ ಹಾಗೇ ಒಣಗಿ ಅಂಚು ಕಟ್ಕೊಳ್ತು, ಮಾರ್ಚಿನ ಗಾಳಿ ಅಷ್ಟು ಒಣ.

ಆಗ ಬ್ರಶ್ ಇಟ್ಟು ಒಂದು ಹೂ ಕೈಗೆ ತಗೊಂಡೆ. ಪುಟ್ಟ ಕಹಳೆ ಥರ, ದಳದ ಅಂಚು ಇಸ್ತ್ರಿ ಮಾಡದ ಕಾಟನ್ ಸೀರೆ ಹಾಗೆ ಸುಕ್ಕು ಸುಕ್ಕು, ಗಂಟಲಲ್ಲಿ ಹಳದಿ. ಪಕ್ಕದಲ್ಲಿ ಬಿದ್ದಿದ್ದ ಇನ್ನೊಂದರ ಗಂಟಲು ಬಿಳಿ, ಹೂವು ಹಳೇದಾಗ್ತಾ ಹಳದಿ ಹೋಗಿಬಿಡುತ್ತೆ. ಹಾಗೇ ಬುಡದ ಕಡೆ ಕಣ್ಣು ಹೋಯ್ತು ನೋಡಿ, ನೆಲದ ತುಂಬಾ ಬಿದ್ದಿರೋ ಹೂವಿಗೆ ಬಿಸಿಲು ತಾಗಿ, ಆ ಬೆಳಕು ಮತ್ತೆ ಮೇಲಕ್ಕೆ ಹೊಡೆದು, ಬೂದು ಕಾಂಡದ ಕೆಳಭಾಗ ಪೂರ್ತಿ ತೆಳು ಗುಲಾಬಿ ಆಗಿತ್ತು! ಇದು ನಂಗೆ ಯಾವ ಫೋಟೋದಲ್ಲೂ ಕಂಡಿರ್ಲಿಲ್ಲ. ನೆರಳಲ್ಲೂ ಕಪ್ಪಿಲ್ಲ, ಅಲ್ಟ್ರಾಮರೀನ್ ನೀಲಿಗೆ ಒಂಚೂರು ರೋಸ್ ಸೇರಿಸಿದ್ರೆ ಬರೋ ಬಣ್ಣ.

ಮೂರನೇ ಹಾಳೆಲಿ ಕೊಂಬೆ ಬಿಟ್ಟು ನೆಲದಿಂದಾನೇ ಶುರು ಮಾಡಿದೆ. ಅಷ್ಟರಲ್ಲಿ ಗುಡಿಸೋ ಅಕ್ಕ ಬಂದ್ರು.

“ಮೇಡಂ, ಇಲ್ಲಿ ಗುಡಿಸ್ಬೇಕಿತ್ತು.”

“ಅಕ್ಕ, ಈ ಹೂವನ್ನೇ ಬಿಡಿಸ್ತಿದ್ದೀನಿ, ಒಂದರ್ಧ ಗಂಟೆ ಬಿಡ್ತೀರಾ?”

ಹಾಳೆ ನೋಡಿದ್ರು, ನೆಲ ನೋಡಿದ್ರು. “ಸರಿ ಬಿಡಿ, ಆ ಕಡೆಯಿಂದ ಗುಡಿಸ್ಕೊಂಡ್ ಬರ್ತೀನಿ. ದಿನಾ ಮೂಟೆಗಟ್ಲೆ ತುಂಬ್ತೀನಿ, ಕೂತ್ಕೊಂಡು ನೋಡೋರು ಯಾರೂ ಸಿಕ್ಕಿರ್ಲಿಲ್ಲ,” ಅಂದ್ರು. ಸುತ್ತ ಎಲ್ಲಾ ಗುಡಿಸಿ, ನನ್ನ ಮರದ ಬುಡದಲ್ಲಿ ಮಾತ್ರ ದುಂಡಗೆ ಹೂವು ಬಿಟ್ರು. ಕೆಂಪು ಮಣ್ಣಿನ ಮಧ್ಯೆ ಆ ಗುಲಾಬಿ ವೃತ್ತ ನಂಗೆ ಮುಂಚಿಗಿಂತ ಚೆನ್ನಾಗಿ ಕಾಣಿಸ್ತು, ಹಾಗೇ ಬಿಡಿಸಿದೆ.

ಪಕ್ಕದ ಕಸ್ತೂರಬಾ ರಸ್ತೆಲಿ ಕೆ. ವೆಂಕಟಪ್ಪ ಅವರ ಹೆಸರಿನ ಗ್ಯಾಲರಿ ಇದೆ. ಅವರ ಊಟಿ ನೀರುಬಣ್ಣದ ಚಿತ್ರಗಳು ನಂಗೆ ಪ್ರಾಣ, ಆದ್ರೆ ಅವತ್ತು ಟ್ರೈನಿಗೆ ಹೊತ್ತಾಗಿತ್ತು, ಹೋಗೋಕಾಗ್ಲಿಲ್ಲ.

ಹೊರಡುವಾಗ ಅಕ್ಕ ಬಂದು ಚಿತ್ರ ನೋಡಿ, “ಇಲ್ಲೊಂದು ಜಾಸ್ತಿ ಬಿದ್ದಿದೆ,” ಅಂತ ತೋರಿಸಿದ್ರು. ನಿಜವಾದ ಹೂವೇ, ಒದ್ದೆ ಬಣ್ಣದ ಮೇಲೆ ಬಿದ್ದು ಅಂಟ್ಕೊಂಡಿತ್ತು. ಕೀಳೋಕೆ ಹೋಗ್ಲಿಲ್ಲ, ಹಾಗೇ ಪ್ಯಾಡ್ ಮುಚ್ಚಿ ಬ್ಯಾಗಿಗೆ ಹಾಕ್ಕೊಂಡೆ.